ತವರಿಗೆ ಹೋದ ದೇವಿಯ ಮೇಲೊಂದು ಪಂಚನಾಮೆ

ಬನದವ್ವ ಎಂಬ ದೇವಿಯ ಕಾಡನ್ನು, ದೇವರ ಬನಗಳ ವಿಚಾರಣೆ ನಡೆಸುವ ಚೌಕಶಿ ಕಚೇರಿಯವರು ಸುಳ್ಳು ಪಂಚನಾಮೆಯ ಬಲದ ಮೇಲೆ ಕಡಿಸಿದರು. ಅದು ಸುಳ್ಳೆಂದು ತಮಗೆ ತಿಳಿದಿರಲಿಲ್ಲ ಎಂಬುದು ಅಧಿಕಾರಿಗಳ ಸಮರ್ಥನೆಯಾಗಬಹುದು. ತಿಳಿದುಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ ಎಂಬುದು ನನ್ನ ಆರೋಪ. ಅದನ್ನು ಕೂತು ಬರೆದ ಗುಮಾಸ್ತನಿಗಾದರೋ ಎಲ್ಲವೂ ತಿಳಿದಿತ್ತು. ಆ ಗುಮಾಸ್ತ ನಾನು. ಆದಕಾರಣ ಈ ಆರೋಪದಿಂದ ನನ್ನನ್ನು ಹೊರಗಿಟ್ಟು ಓದಬಾರದೆಂದು ವಾಚಕರಲ್ಲಿ ಮೊದಲೇ ಕೇಳಿಕೊಳ್ಳುತ್ತೇನೆ.

ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವನನ್ನು ಮಾತಾಡಿಸಿದ್ದು ಒಂದು ವಾಸನೆ. ಹದಿನೈದು ದಿನಗಳ ಹಿಂದೆ, ಟಿಳಕವಾಡಿಯ ನನ್ನ ಬಿಡಾರದಿಂದ ಬೆಳಗಾವಿಯ ಸ್ಟೇಶನ್ನಿಗೆ ಗೆಳೆಯನೊಬ್ಬನನ್ನು ಕಳಿಸಲು ಹೋಗಿದ್ದೆ. ರೈಲು ಹೊರಟುಹೋದ ಮೇಲೆ, ಮಾಲು ಇಳಿಸುವ ಬಯಲಿನ ಕಡೆಯಿಂದ ಒಗರಾದ, ಹಸಿಯಾದ ವಾಸನೆಯೊಂದು ಬಂದು ಮೂಗಿಗೆ ಬಡಿಯಿತು. ಹೊನ್ನೆಯ ಮರವನ್ನು ಕಡಿದರೆ ಅದರ ಮೈಯಿಂದ ಕೆಂಪು ರಸ ಇಳಿಯುತ್ತದೆ. ಆರಿದ ಮೇಲೆ ಕಪ್ಪಾಗಿ ಹೆಪ್ಪುಗಟ್ಟುತ್ತದೆ. ಅಲ್ಲಿ ಒಟ್ಟಿದ್ದ ತೊಲೆಗಳ ತುದಿಯಲ್ಲಿ ಆ ರಸ ಇನ್ನೂ ಆರಿರಲಿಲ್ಲ.

"ಎಲ್ಲೀವು ಇವು?" ಎಂದು ತೊಲೆ ತಂದ ಚಕ್ಕಡಿಯವನನ್ನು ಕೇಳಿದೆ.

"ಜಾಂಬೋಟಿ ಕಡೀವ್ರಿ. ಮೊಗರವಾಡಿ ದೇವೀ ರಾನದಾಗಿನ್ವು, ಆ ಅಡವ್ಯಾಗಿನ್ವು. ಅಗದೀ ಜಡ ಅದಾವ್ರಿ, ಎತ್ತು ನೊಗಕ್ಕ ಹೆಗಲ ಕೊಡಾಕ ಒಲ್ಲೆ ಅಂತಾವ. ಎತ್ತಿಗೆ ಭಯಾ ಭಕ್ತಿ ಐತಿ ನೋಡ್ರಿ, ಗುತ್ತೇದಾರಗ ಇಲ್ಲ." ಅವನು ನಕ್ಕು, ಕೈಗೆ ಹತ್ತಿದ ಕೆಂಪನ್ನು ಗಾಲಿಗೆ ಒರೆಸಿದ. "ಅರ್ಧಾ ರಾನ ಇನ್ನೂ ಉಳದೈತ್ರಿ. ಈ ಸಲ ಮಳಿಗಾಲದಾಗೂ ಕೆಲಸ ನಿಂದರಸೂದಿಲ್ಲಂತ. ಗುಡಸಲಾ ಹಾಕ್ಕೊಂಡು ಅಲ್ಲೇ ಕೊಯ್ತಾರಂತ."

ನಾನು ಮನೆಗೆ ಬಂದು ಎರಡು ಸಲ ಕೈ ತೊಳೆದೆ. ಮರವನ್ನು ನಾನು ಮುಟ್ಟಿಯೇ ಇರಲಿಲ್ಲ.

ಬೆಳಗಾವಿಯಲ್ಲಿ ದೇಶದ ಮಹಾಸಭೆ ನೆರೆದುಹೋದ ಮರುವರ್ಷದ ಮಾತು. ಸಭೆಯ ಚಪ್ಪರದಲ್ಲಿ ಸ್ವಯಂಸೇವಕನಾಗಿ ನೀರು ಹೊತ್ತಿದ್ದೆ. ಸತ್ಯವನ್ನು ಕುರಿತು ಆಡಿದ ಮಾತುಗಳನ್ನು ಕೊಡ ಹಿಡಿದು ನಿಂತಲ್ಲೇ ಕೇಳಿದ್ದೆ. ಪುಣೆಯಲ್ಲಿ ಇತಿಹಾಸವನ್ನೋದಿ ಬಿ.ಎ. ಆಗಿದ್ದೆ. ಆರು ತಿಂಗಳು ಕಳೆಯುವುದರೊಳಗೆ ಚೌಕಶಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾದೆ. ಖಾನಾಪುರದ ಸೀಮೆಯಲ್ಲಿ ದೇವರ ಹೆಸರಿನಿಂದ ಕೊಡಲಿ ಹಾಕದೆ ಬಿಟ್ಟ ಬನಗಳು ಬಹಳ. ಅವುಗಳಲ್ಲಿ ಪೂಜೆಯುಳ್ಳವು ಯಾವುವು, ಹಾಳುಬಿದ್ದವು ಯಾವುವು ಎಂದು ವಿಚಾರಿಸಿ, ಹಾಳುಬಿದ್ದವನ್ನು ಕಡಿತಕ್ಕೆ ಬಿಡುವುದು ಆ ಕಚೇರಿಯ ಕೆಲಸ. ಚೌಕಶಿ ನಡೆಸುವ ಸಾಹೇಬರಿಗಿಂತ ಮುಂಚಿತವಾಗಿ ಊರು ಸೇರಿ ಬನದ ಇತಿಹಾಸವನ್ನು ಕೇಳಿ ಬರೆದಿಡುವುದು ನನ್ನ ಕೆಲಸ. ಓದಿದ ವಿದ್ಯೆಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇನ್ನೊಂದಿಲ್ಲವೆಂದು ಹಿಗ್ಗಿದ್ದೆ.

ರೋಹಿಣಿ ಮಳೆ ಮುಗಿಯುವ ಹೊತ್ತಿಗೆ ಖಾನಾಪುರದಲ್ಲಿ ರೈಲು ಇಳಿದು, ಜಾಂಬೋಟಿಯವರೆಗೆ ಚಕ್ಕಡಿಯಲ್ಲಿ ಹೋಗಿ, ಅಲ್ಲಿಂದ ಕಾಲುನಡಿಗೆಯಲ್ಲಿ ಮೊಗರವಾಡಿಯನ್ನು ಮುಟ್ಟಿದೆ. ಹತ್ತು ಹನ್ನೆರಡು ಮನೆ. ಮನೆಗಳ ಮುಂದೆ ಭತ್ತದ ಗದ್ದೆ. ಗದ್ದೆಯ ಆಚೆಗೆ, ಗೋಡೆ ಎಬ್ಬಿಸಿದಂತೆ ಕಪ್ಪಗೆ ನಿಂತ ಬನ. ನನಗೆ ಇಳಿಯಲು ಜಾಗ ಕೊಟ್ಟವನು ಪರಸು ಎಂಬ ರೈತ, ಮಾತಿನ ಮಲ್ಲ.

"ಕನ್ನಡದವ್ರು ಬನದವ್ವ ಅಂತಾರ್ರಿ, ಮರಾಠ್ಯಾವ್ರು ರಾನಾಯಿ ಅಂತಾರ. ಎರಡೂ ಭಾಷಾ ತಿಳೀತಾವ ಆಕೀಗೆ. ಇಂಗ್ರೇಜಿ ಒಂದ ಬರೂದಿಲ್ಲ, ಅದಕ್ಕಂತ ಸರಕಾರದವ್ರು ನಿಮ್ಮನ್ನ ಕಳಿಸ್ಯಾರ" ಎಂದು ಅವನು ಮೊದಲ ದಿನವೇ ನನ್ನ ಕಾಲೆಳೆದ.

ದೇವಿಯ ದೀಪ ನೋಡಿಕೊಳ್ಳುತ್ತಿದ್ದವಳು ಭಾಗವ್ವ. ಗಂಡ ತೀರಿಕೊಂಡ ಹೆಂಗಸು, ಐವತ್ತರ ಮೇಲೆ ವಯಸ್ಸು. ಅವಳ ಅತ್ತೆಯಿಂದ ಅವಳಿಗೆ ಬಂದ ಸೇವೆ. ನಾನು ವಹಿ ತೆಗೆದು ಕೂತಾಗ ಅವಳು ಆಕಾಶವನ್ನು ನೋಡಿ ಹೇಳಿದಳು: "ಇವತ್ತ ಎಷ್ಟ ಬೇಕೋ ಅಷ್ಟ ಕೇಳು, ತಮ್ಮಾ. ನಾಳೆ ಮಿರಗ ಕೂಡ್ತೈತಿ. ನಾಳಿಂದ ಕೇಳಬ್ಯಾಡ."

ಅವಳು ಹೇಳಿದ ಕಥೆಯನ್ನು ಅವಳ ಮಾತಿನಲ್ಲಿಯೇ ಬರೆದುಕೊಂಡೆ. "ಆಕೀ ಈ ವಾಡಿಗೆ ಸೊಸಿ ಆಗಿ ಬಂದಾಕಿ. ತವರು ಘಟ್ಟದ ಕೆಳಗ. ಮಿರಗದ ಮಳಿ ಹಿಡೀತು, ಅಣ್ಣ ಕರಿಯಾಕ ಬಂದ. ಮನ್ಯಾವ್ರು ಕಳಿಸಲಿಲ್ಲ. ನಟ್ಟಿ ಆಗಲಿ ಅಂದ್ರು. ನಟ್ಟಿ ಆತು; ಕಳೆ ತಗದ ಹೋಗಲಿ ಅಂದ್ರು. ಅಣ್ಣ ಬನದ ಅಂಚಿನ್ಯಾಗ ನಿಂತಾಂವ ನಿಂತ ಬಿಟ್ಟ, ಮಳಿಯೊಳಗ, ಒಂದ ಕಂಬಳಿ ಮ್ಯಾಲ. ಕಳೆ ತಗದು ಈಕಿ ಓಡಿ ಹೋಗಿ ನೋಡ್ತಾಳ, ಅಣ್ಣ ಇಲ್ಲ. ಅಂವಾ ನಿಂತಲ್ಲೆ ಒಂದು ಹುತ್ತ ಬೆಳದೈತಿ. ಹುತ್ತದ ಮ್ಯಾಲ ಕಂಬಳಿ ಐತಿ."

"ಆಮೇಲೆ?"

"ಬನದೊಳಗ ಹೋದ್ಲು. ಅತ್ತಿ ಮಾವ ಹಿಂದಿಂದ ಹೆಸರು ಹಿಡದು ಕೂಗಿದ್ರು. ಕೂಗಿದಾಗೊಮ್ಮೆ ಓ ಅಂದ್ಲಂತ; ಪ್ರತೀ ಸಲ ಇನ್ನೂ ಒಳಗಿಂದ. ಕಡೀಗೆ ಓ ಅನ್ನೂದೂ ನಿಂತು ಹೋತು. ಮರುದಿನ ನೋಡಿದ್ರ ಹೊನ್ನಿ ಮರದ ಮೈತುಂಬ ಕೆಂಪ."

ಅಂದಿನಿಂದ ಮೊಗರವಾಡಿಯವರು ಅವಳನ್ನು ತಾವಾಗಿಯೇ ತವರಿಗೆ ಕಳಿಸುತ್ತ ಬಂದಿದ್ದಾರೆ. ಮಿರಗದ, ಎಂದರೆ ಮೃಗಶಿರ ಮಳೆಯ, ಮುನ್ನಾದಿನ ಹೋಗುತ್ತಾಳೆ. ಆಶ್ವೀಜದ ಶೀಗಿ ಹುಣ್ಣಿಮೆಗೆ, ಭತ್ತ ತೆನೆಗಟ್ಟಿದಾಗ, ಬರುತ್ತಾಳೆ. ನಡುವಿನ ತಿಂಗಳುಗಳಲ್ಲಿ ಬನದೊಳಗೆ ಯಾರೂ ಕಾಲಿಡಬಾರದು, ದೀಪ ಹಚ್ಚಬಾರದು, ಅವಳ ಹೆಸರನ್ನೆತ್ತಬಾರದು, ಅವಳದೆಂದು ಯಾವ ಮಾತನ್ನೂ ಆಡಬಾರದು. "ಹೆಸರು ಹಿಡದ್ರ ಕರದ್ಹಂಗ. ಕರದ್ರ ಅರ್ಧಾ ದಾರ್ಯಾಗಿಂದ ತಿರಗ್ತಾಳ. ಒಮ್ಮೆ ಕೊಂದೀವಿ, ತಮ್ಮಾ. ಮತ್ತ ಕೊಲ್ಲಾಕ ಆಗೂದಿಲ್ಲ."

ಆ ಸಂಜೆ ಕಳಿಸುವ ಶಾಸ್ತ್ರವನ್ನು ಕಣ್ಣಾರೆ ಕಂಡೆ. ಬನ ಬೆಳೆದು, ಅಣ್ಣ ನಿಂತಿದ್ದ ಅಂಚು ಈಗ ಬನದ ನಡುವಾಗಿದೆಯಂತೆ. ಅಲ್ಲಿ ಗುಡಿಯೆಂಬುದಿಲ್ಲ, ಮೇಲೆ ಮಾಡೂ ಇಲ್ಲ. ನಾಲ್ಕು ಮೆಟ್ಟಿಲಿನ ಕೆಂಪುಕಲ್ಲಿನ ಕಟ್ಟೆ, ಅದರ ಮೇಲೆ ಆಳೆತ್ತರದ ಹುತ್ತ, ಪಕ್ಕದಲ್ಲಿ ಒಂದು ಹಳೆಯ ಹೊನ್ನೆ. ಹೆಂಗಸರು ಹುತ್ತಕ್ಕೆ ಉಡಿ ತುಂಬಿದರು, ಹಸಿರು ಬಳೆ ಇಟ್ಟರು, ಖಣ ಏರಿಸಿದರು. ಭಾಗವ್ವ ಕಟ್ಟೆಯ ಕಸ ಗುಡಿಸಿ, ದೀಪ ಆರಿಸಿ, ನೀರಿನ ಗಡಿಗೆಗಳನ್ನೆಲ್ಲ ಒಂದೊಂದಾಗಿ ಮುಗುಚಿಟ್ಟಳು. ಹಿಂದಿರುಗುವಾಗ ಎಲ್ಲರೂ ಸೊಪ್ಪಿನ ಕೊಂಬೆಯಿಂದ ತಮ್ಮ ಹೆಜ್ಜೆಗಳನ್ನು ತಾವೇ ಅಳಿಸುತ್ತ ಬಂದರು. ಹೀಗೇಕೆ ಎಂದು ಕೇಳಿದ್ದಕ್ಕೆ ಪರಸು, ಒಮ್ಮೆಯೂ ನಗದೆ ಹೇಳಿದ: "ನಾಕ ತಿಂಗಳಿಗೆ ದಾರಿ ಹುಲ್ಲ ಮುಚ್ಚತೈತ್ರಿ. ಹುಣ್ಣಿಮಿ ದಿನಾ ಬಂದ ನೋಡ್ತೀವಿ. ಹುಲ್ಲು ಯಾರೋ ತುಳದ ಹೋದ್ಹಂಗ ಬಾಗಿರ್ತೈತಿ. ಆವಾಗ ಗೊತ್ತಾಗ್ತೈತಿ, ಬಂದಾಳ ಅಂತ. ಆಮ್ಯಾಲೆ ದೀಪ."

ಮರುದಿನ ಮಳೆ ಹಿಡಿಯಿತು. ಅಂಥ ಮಳೆಯನ್ನು ಬೆಳಗಾವಿಯವನಾದ ನಾನೂ ಕಂಡಿರಲಿಲ್ಲ. ಗದ್ದೆಗಳಲ್ಲಿ ಕಂಬಳಿಯ ಕೊಪ್ಪೆ ಹಾಕಿ ಬಗ್ಗಿದ ಹೆಂಗಸರು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ಒಣಗದ ಬಟ್ಟೆ, ಒಣಗದ ಕಾಗದ. ಮಾತಿನ ಮಲ್ಲನಾದ ಪರಸು ಬನದ ಕಡೆ ಬೆನ್ನು ಮಾಡಿ ಕೂಡಲಾರಂಭಿಸಿದ. ಮಕ್ಕಳು ಜಗಳಾಡುವಾಗಲೂ ಆಣೆ ಇಡುವುದನ್ನು ನಿಲ್ಲಿಸಿದರು, ಇಡಲು ಹೆಸರಿಲ್ಲದ್ದರಿಂದ. ಮಳೆ ನಿಂತ ಗಳಿಗೆಯಲ್ಲಿ ಬನದೊಳಗಿನಿಂದ ಹನಿಗಳು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಒಮ್ಮೆ ಅದು ಬಳೆಗಳ ಸದ್ದಿನಂತೆ ಕೇಳಿ, ನಾನು ಲೆಕ್ಕಣಿಕೆ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತೆ. ಎದುರು ಮನೆಯ ಬಾಗಿಲಲ್ಲಿ ಭಾಗವ್ವ ಮೊದಲೇ ನಿಂತಿದ್ದಳು.

ನನ್ನ ವಹಿಗಳು ಎರಡಿದ್ದವು. ಕಚೇರಿಯ ವಹಿಯಲ್ಲಿ ಅಂಕಣಗಳಿದ್ದವು: ಗುಡಿ, ಪೂಜಾರಿ, ನಿತ್ಯದೀಪ, ಸನದು. ಭಾಗವ್ವ ಹೇಳಿದ್ದು ಅದರ ಯಾವ ಅಂಕಣದಲ್ಲೂ ಹಿಡಿಯುತ್ತಿರಲಿಲ್ಲ. ಆದುದರಿಂದ ಅದನ್ನು ನನ್ನ ಸ್ವಂತ ವಹಿಯಲ್ಲಿ ಬರೆದಿದ್ದೆ. ಹಾಗೆ ಬೇರೆ ಬರೆದದ್ದರಲ್ಲಿಯೇ ನನ್ನ ಅಪರಾಧದ ಬೀಜವಿತ್ತು. ಕಲ್ಲಿನ ಮೇಲೆ ಕೊರೆದದ್ದು ಇತಿಹಾಸ, ಹೆಂಗಸಿನ ಬಾಯಲ್ಲಿ ಉಳಿದದ್ದು ಕಟ್ಟುಕಥೆ ಎಂದು ನಾನು ಕಲಿತಿದ್ದೆ, ಮತ್ತು ಅದನ್ನು ನಂಬಿದ್ದೆ.

ಶ್ರಾವಣದಲ್ಲಿ ಸಾಹೇಬರು ಸಿಪಾಯಿಗಳೊಂದಿಗೆ ಬಂದರು. ಇಂಗ್ರೇಜರಲ್ಲ, ನಮ್ಮವರೇ; ಕನ್ನಡ ಬಲ್ಲವರು. ಚೌತಿಯ ಒಳಗೆ ಮನೆ ಸೇರಬೇಕೆಂಬ ಅವಸರದಲ್ಲಿದ್ದರು. ಐವರು ಪಂಚರನ್ನು ಬನದ ಅಂಚಿಗೆ ಕರೆಸಿದರು, ಪರಸು ಅವರಲ್ಲೊಬ್ಬ. ಒಳಗೆ ಬರಲು ಪಂಚರಾರೂ ಒಪ್ಪಲಿಲ್ಲ. ಸಾಹೇಬರ ಹಿಂದೆ ಹೋದವನು ನಾನೊಬ್ಬನೇ. ಹುಲ್ಲು ಮೊಣಕಾಲಿಗೆ ಬರುತ್ತಿತ್ತು. ಕಟ್ಟೆಯ ಮೇಲೆ ಪಾಚಿ, ಜೇಡನ ಬಲೆ, ಮುಗುಚಿಟ್ಟ ಗಡಿಗೆಗಳು. ಮನೆಯೊಡತಿ ತವರಿಗೆ ಹೋದ ಮನೆಯೊಳಗೆ ಕೇಳದೆ ನುಗ್ಗಿದಂತೆ ನನ್ನ ಮೈ ಕುಗ್ಗಿತು. ಸಾಹೇಬರು ಒಂದು ಗಡಿಗೆಯನ್ನು ಬೂಟಿನ ತುದಿಯಿಂದ ಸರಿಸಿ, "ಎಷ್ಟ ವರ್ಷ ಆಗಿರಬೇಕ್ರೀ ಇಲ್ಲಿ ಮನಷ್ಯಾ ಕಾಲಿಟ್ಟು?" ಎಂದರು. ಎರಡು ತಿಂಗಳೆಂದು ನನಗೆ ಗೊತ್ತಿತ್ತು.

ಅಂಚಿಗೆ ಮರಳಿ ಬಂದು ಕೇಳಿದರು: "ಇಲ್ಲಿ ಪೂಜಾ ನಡೀತದೇನ?"

ಪಂಚರು ಬನಕ್ಕೆ ಬೆನ್ನು ತಿರುಗಿಸಿ ನಿಂತರು.

"ಯಾವ ದೇವರು ಇದು? ಹೆಸರೇನು?"

ಐವರೂ ನೆಲ ನೋಡಿದರು. ಸಾಹೇಬರು ಪರಸುವಿನ ಕಡೆ ತಿರುಗಿದರು. "ಏನೋ, ನಿನ್ನ ನಾಲಿಗಿ ಇಂಬಳ ತಿಂದಾವೇನ? ಹಕ್ಕು ಇದ್ರ ಹಕ್ಕು ಅದ ಅನ್ನು."

ಆಗ ಹಿಂದೆ ನಿಂತಿದ್ದ ಭಾಗವ್ವ ಮುಂದೆ ಬಂದು ಕೈಮುಗಿದಳು. "ಶೀಗಿ ಹುಣ್ಣಿಮಿಗೆ ಬರ್ರಿ, ಸಾಹೇಬರ. ಆವತ್ತ ಎಲ್ಲಾ ಹೇಳ್ತೀನಿ."

"ಹುಣ್ಣಿಮಿಗ್ಯಾಕ ಬರಲಿ, ನಿನ್ನ ಕೈಯಾಗ ಕಡಬು ತಿನ್ನಾಕೇನ ಮುದಕಿ?" ಸಿಪಾಯಿಗಳು ನಕ್ಕರು. ಸಾಹೇಬರು ನನ್ನತ್ತ ನೋಡಿದರು. "ಎರಡ ತಿಂಗಳದಿಂದ ಇಲ್ಲೇ ಅದೀರಿ. ನಿಮ್ಮ ವಹಿಯೊಳಗ ಏನರೆ ಅದ ಏನ್ರೀ?"

ಸ್ವಂತ ವಹಿ ನನ್ನ ಕೋಟಿನ ಕಿಸೆಯಲ್ಲಿತ್ತು. ಭಾಗವ್ವ ನನ್ನನ್ನೇ ನೋಡುತ್ತಿದ್ದಳು. ಕಾಯಂ ನೌಕರಿಯ ಆಸೆ ಇತ್ತೆಂದು ಬರೆದರೆ ಅರ್ಧ ಸತ್ಯವಾದೀತು. ಬಿ.ಎ. ಆದವನೊಬ್ಬ, ಸಿಪಾಯಿಗಳ ಎದುರಿಗೆ, ದೇವಿ ತವರಿಗೆ ಹೋಗಿದ್ದಾಳೆ ಎಂದು ಹೇಳುವುದಕ್ಕೆ ನಾಚಿದೆ.

"ವಿಶೇಷ ಏನಿಲ್ಲರೀ. ಹೆಂಗಸರ ಕಥೀ ಅಷ್ಟ" ಎಂದೆ.

ಸಾಹೇಬರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ದೀಪವಿಲ್ಲ, ದಾರಿಯಿಲ್ಲ, ಹಕ್ಕು ಹೇಳುವವರಿಲ್ಲ, ಬಹುಕಾಲದಿಂದ ಹಾಳುಬಿದ್ದ ಸ್ಥಳ. ಓದಿ ಹೇಳಿದೆ. ಐವರೂ ಹೆಬ್ಬೆಟ್ಟು ಒತ್ತಿದರು. ಸುಳ್ಳೆನ್ನಬೇಕಾದರೆ ಅವಳ ಹೆಸರನ್ನೆತ್ತಬೇಕು; ಎತ್ತಲಾರದೆ ಒತ್ತಿದರು. ಏಕೆ ಒತ್ತಿದಿರೆಂದು ಆಮೇಲೆ ಪರಸುವನ್ನು ಕೇಳಿದಾಗ ಅವನೆಂದ: "ಹುಣ್ಣಿಮಿ ತನಕ ಆಕೀ ಸಂಬಂಧ ಏನೂ ನಡಿಯೂದಿಲ್ಲಲ್ರಿ. ಸರಕಾರದ ಕಾಗದಾನೂ ಅಲ್ಲೀತನಕ ಕಾಯ್ತೈತಿ, ಆಮ್ಯಾಲೆ ಹೋಗಿ ಖರೇ ಹೇಳಿದ್ರಾತು ಅಂತ ತಿಳದ್ವಿ."

ಭಾಗವ್ವ ಹೇಳಿದ್ದು ಇದಕ್ಕಿಂತ ಚಿಕ್ಕದು. ಸಾಹೇಬರೂ ಸಿಪಾಯಿಗಳೂ ಮರೆಯಾದ ಮೇಲೆ ಅವಳು ನನ್ನ ಮುಂದೆ ಕೂತು ಕೇಳಿದಳು: "ನಮಗ ಕಟ್ಟ ಇತ್ತು, ತಮ್ಮಾ. ನೀ ಈ ವಾಡ್ಯಾಂವ ಅಲ್ಲ. ನಿನಗ ಏನ ಕಟ್ಟ ಇತ್ತು?"

ಅಲ್ಲಿ ನಿಂತಿದ್ದವರಲ್ಲಿ ಕಥೆ ಗೊತ್ತಿದ್ದೂ ಬಾಯಿ ತೆರೆಯಬಹುದಾಗಿದ್ದವನು ನಾನೊಬ್ಬನೇ. ಅದಕ್ಕಾಗಿಯೇ ಮಿರಗದ ಹಿಂದಿನ ದಿನ ಅವಳು ಎಲ್ಲವನ್ನೂ ನನಗೆ ಹೇಳಿಟ್ಟಿದ್ದಳು ಎಂಬುದು ಆಗ ನನಗೆ ಹೊಳೆಯಿತು.

ಕಾಗದ ಕಾಯಲಿಲ್ಲ. ಮಳೆ ಸಡಿಲುತ್ತಲೇ ಗುತ್ತೇದಾರನ ಜನ ಬನವನ್ನು ಹೊಕ್ಕರು. ಶೀಗಿ ಹುಣ್ಣಿಮೆಗೆ ನಾನು ರಜೆ ಪಡೆದು ಮೊಗರವಾಡಿಗೆ ಹೋದೆ. ಹೋಗದಿರಲು ಧೈರ್ಯ ಸಾಲಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಹೆಂಗಸರು ಬಳೆ, ಖಣ, ಎಣ್ಣೆ ಹಿಡಿದು ಅಂಚಿಗೆ ಬಂದು ನಿಂತರು. ದಾರಿಯ ಹುಲ್ಲು ಕೂಲಿಯವರ ಕಾಲಿಗೆ ಸಿಕ್ಕಿ ನೆಲಕ್ಕೆ ಹತ್ತಿತ್ತು.

ಭಾಗವ್ವ ಕೂತು, ಹುಲ್ಲನ್ನು ಅಂಗೈಯಿಂದ ಸವರಿ ಸವರಿ ನೋಡಿದಳು.

"ಬಂದಾಳ ಅನ್ನೂಣಕ್ಕಾ" ಎಂದ ಪರಸು. "ಇಷ್ಟ ಮಂದಿ ಹೆಜ್ಜಿಯೊಳಗ ಆಕೀದೂ ಒಂದ ಇರ್ತೈತಿ. ಬಂದಾಳ ಅನ್ನೂಣು."

"ಯಾವುದು, ತೋರಸು."

ಬನದೊಳಗೆ ಗರಗಸ ಎಳೆಯುವ ಸದ್ದಾಯಿತು. ನಿಂತು, ಮತ್ತೆ ಆಯಿತು, ಇನ್ನೂ ಒಳಗಿನಿಂದ. ಸೊಸೆಯೊಬ್ಬಳು ಅಳತೊಡಗಿದಳು. ಭಾಗವ್ವ ಎಣ್ಣೆಯ ಗಿಂಡಿಯನ್ನು ಸೆರಗಿನಿಂದ ಮುಚ್ಚಿ ಎದ್ದಳು. ಬಾರದವಳಿಗೆ ದೀಪ ಹಚ್ಚಿದರೆ ಅದು ಕರೆದಂತೆ. ಬಂದವಳಿಗೆ ಹಚ್ಚದಿದ್ದರೆ ಬಾಗಿಲಲ್ಲಿ ನಿಲ್ಲಿಸಿದಂತೆ. ಎರಡರಲ್ಲಿ ಯಾವುದನ್ನು ಮಾಡುತ್ತಿದ್ದೇವೆಂದು ತಿಳಿಯದೆ ಎಲ್ಲರೂ ಮನೆಗೆ ನಡೆದರು. ಎದುರುಗೊಳ್ಳಲು ತಂದ ಬಳೆಗಳನ್ನು ಯಾರೂ ತೊಡಲಿಲ್ಲ, ಯಾರೂ ಒಡೆಯಲಿಲ್ಲ.

ನಾನು ಒಳಗೆ ಹೋದೆ. ಹಳೆಯ ಹೊನ್ನೆ ಬಿದ್ದಿತ್ತು. ನೂರಾರು ವರ್ಷ ನೆರಳಿದ್ದಲ್ಲಿ ಬಿಸಿಲು ಸುರಿಯುತ್ತಿತ್ತು. ಆ ಬಿಸಿಲಿನಲ್ಲಿ ಹುತ್ತದ ಹಿಂದೆ ಮಣ್ಣಿನಲ್ಲಿ ಅರ್ಧ ಹುಗಿದ ಕಲ್ಲೊಂದು ಕಂಡಿತು; ಪಾಚಿ ಕೆರೆದರೆ ಹಳಗನ್ನಡದ ಅಕ್ಷರಗಳು. ಹಲಸಿ ಊರಿನ ಕಡೆಯ ಹಳೆಯ ಕಲ್ಲುಗಳಲ್ಲಿ ನಾನು ಕಂಡ ಬಗೆಯವು. ಮುಕ್ಕಾಲು ಸವೆದಿದ್ದವು. ಬನ ಎಂಬುದೊಂದು, ದೇವಿ ಎಂಬುದೊಂದು, ಮೇಲೆ ಕೊರೆದ ಸೂರ್ಯ ಚಂದ್ರ: ಇಷ್ಟನ್ನು ಓದಲಾಯಿತು. ಯಾವ ಅರಸನದೆಂದು ಹೇಳಲಾರೆ. ನಾನು ಇತಿಹಾಸವೆಂದು ನಂಬಿದ್ದು ಕೊನೆಗೂ ಸಿಕ್ಕಿತು. ಹೆಂಗಸರ ಕಥೆಯನ್ನೇ ಅದು ಹೇಳುತ್ತಿತ್ತು, ಅವರಿಗಿಂತ ಮಂಕಾಗಿ.

ಕಲ್ಲಿನ ಪ್ರತಿ ತೆಗೆದು, ಪಂಚನಾಮೆ ತಪ್ಪೆಂದು ಕಚೇರಿಗೆ ಅರ್ಜಿ ಬರೆದುಕೊಂಡೆ. ಐವರ ಹೆಬ್ಬೆಟ್ಟು ಇರುವುದರಿಂದ ವಿಷಯ ಮುಗಿದಿದೆ ಎಂದು ಉತ್ತರ ಬಂತು. ಬೆಳಗಾವಿಯಲ್ಲಿ ಧರ್ಮರಕ್ಷಣೆಯ ಭಾಷಣ ಮಾಡುವ ಗೃಹಸ್ಥರ ಮನೆಗಳಿಗೆ ಅಲೆದೆ. ಶಿಖರವಿದೆಯೇ ಎಂದು ಒಬ್ಬರು ಕೇಳಿದರು, ಮಾಡೂ ಇಲ್ಲವೆಂದೆ. ಚಹಾ ಕೊಟ್ಟು ಕಳಿಸಿದರು. ನೌಕರಿ ಬಿಟ್ಟೆ, ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದೆ, ಮತ್ತು ಸುಮ್ಮನಾದೆ. ಈ ಕೊನೆಯದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ.

ಸ್ಟೇಶನ್ನಿನಲ್ಲಿ ಆ ತೊಲೆಗಳನ್ನು ಕಂಡ ಮರುದಿನವೇ ಮೊಗರವಾಡಿಗೆ ಹೋದೆ. ಬನದ ಪಡುವಲ ಭಾಗ ಬೋಳು. ಹುತ್ತವೂ ಮೂಡಲ ಇಳಿಜಾರೂ ಇನ್ನೂ ಉಳಿದಿವೆ. ಗಡಿಗೆಗಳು ಮುಗುಚಿಟ್ಟಲ್ಲಿಯೇ ಇವೆ. ಪ್ರತಿ ವರ್ಷ ಶೀಗಿ ಹುಣ್ಣಿಮೆಗೆ ಹೋಗಿ ನೋಡಿದ್ದಾರೆ. ಪ್ರತಿ ಸಲವೂ ಮಳೆ ಸಡಿಲುತ್ತಲೇ ಹೊಕ್ಕ ಕೂಲಿಯವರು ದಾರಿ ತುಳಿದಿದ್ದಾರೆ. ಬಂದಳೆಂದು ತಿಳಿಯದ್ದರಿಂದ ಮತ್ತೆ ಕಳಿಸಿಯೂ ಇಲ್ಲ. ನಾನು ಇಲ್ಲಿ ಸಲೀಸಾಗಿ ಬರೆಯುತ್ತಿರುವ ಹೆಸರನ್ನು ಆ ವಾಡಿಯಲ್ಲಿ ಮೂರು ವರ್ಷದಿಂದ ಯಾರೂ ಉಚ್ಚರಿಸಿಲ್ಲ. ಆಚೆ ವರ್ಷ ಹುಟ್ಟಿದ ಪರಸುವಿನ ಮಗಳು ಆ ಹೆಸರನ್ನು ಕೇಳಿಯೇ ಇಲ್ಲ.

ಭಾಗವ್ವನಿಗೆ ಈಗ ಕಣ್ಣು ಮಂಜಾಗಿದೆ. ದನಿಯಿಂದ ನನ್ನ ಗುರುತು ಹಿಡಿದಳು. "ಬಂದ್ಯಾ ತಮ್ಮಾ, ಕುಂದರು" ಎಂದಳು. ಒಂದು ಬೈಗುಳವನ್ನೂ ಆಡಲಿಲ್ಲ.

"ನಾನೇನು ಮಾಡಲಿ, ಅವ್ವಾ?"

"ಒಂದ ಮಳಿಗಾಲ ಯಾರೂ ಕಾಲಿಡದ್ಹಂಗ ಮಾಡು. ಒಂದ. ಹುಲ್ಲ ಬೆಳೀಲಿ. ಹುಣ್ಣಿಮಿ ದಿನಾ ನಾ ಕೈಲೇ ಮುಟ್ಟಿ ನೋಡ್ತೀನಿ. ಬಂದಿದ್ರ ದೀಪಾ ಹಚ್ತೀನಿ. ಬಂದಿರದಿದ್ರ..." ಅವಳು ನಿಲ್ಲಿಸಿ ಗದ್ದೆಯ ಕಡೆ ತಿರುಗಿದಳು. "ಅದನ್ನರೆ ತಿಳಕೊಂಡು ಸಾಯ್ತೀನಿ."

ಆದ್ದರಿಂದ ಚೌಕಶಿ ಕಚೇರಿಯ ಮುಖ್ಯಾಧಿಕಾರಿಗಳಲ್ಲಿ, ಓದುವ ಎಲ್ಲರ ಸಾಕ್ಷಿಯಾಗಿ, ನಾನು ವಿನಂತಿಸಿಕೊಳ್ಳುವುದೇನೆಂದರೆ: ಈ ಮಿರಗದಿಂದ ಬರುವ ಶೀಗಿ ಹುಣ್ಣಿಮೆಯವರೆಗೆ ಮೊಗರವಾಡಿಯ ಬನದೊಳಗೆ ಗುತ್ತೇದಾರನ ಜನವಾಗಲಿ, ಸಿಪಾಯಿಗಳಾಗಲಿ, ಯಾರೂ ಕಾಲಿಡದಂತೆ ಅಪ್ಪಣೆ ಹೊರಡಿಸಬೇಕು. ಹುಣ್ಣಿಮೆ ಕಳೆದ ಮೇಲೆ, ಸಾಕ್ಷಿಗಳ ಬಾಯಿಗೆ ಕಟ್ಟಿಲ್ಲದ ಕಾಲದಲ್ಲಿ, ಹೊಸ ಚೌಕಶಿ ನಡೆಸಬೇಕು. ಹಳೆಯ ಪಂಚನಾಮೆ ಸುಳ್ಳೆಂದು ಅದನ್ನು ಬರೆದವನಾದ ನಾನು ಪ್ರಮಾಣ ಮಾಡಿ ಹೇಳಲು ಸಿದ್ಧನಿದ್ದೇನೆ. ನನ್ನ ಹೇಳಿಕೆಯನ್ನು ತೆಗೆದುಕೊಳ್ಳಬೇಕು, ಸುಳ್ಳು ಬರೆದುದಕ್ಕೆ ಕಾಯಿದೆಯ ಪ್ರಕಾರ ಶಿಕ್ಷೆಯಿದ್ದರೆ ಅದನ್ನೂ ವಿಧಿಸಬೇಕು. ಇದು ಆಗದೆಂದಾದರೆ, ಏಕೆ ಆಗದೆಂಬುದನ್ನು ಬರೆದು ತಿಳಿಸಬೇಕು. ಹೆಬ್ಬೆಟ್ಟಿನ ಕಾರಣವನ್ನು ಇನ್ನೊಮ್ಮೆ ಹೇಳಬಾರದು.

ಮಿರಗಕ್ಕೆ ಇನ್ನು ಒಂದು ತಿಂಗಳೂ ಉಳಿದಿಲ್ಲ. ಉತ್ತರ ಅದಕ್ಕೆ ಮೊದಲೇ ಬರಬೇಕು. ಮಳೆ ಹಿಡಿದ ಮೇಲೆ ಒಬ್ಬನೇ ಒಬ್ಬ ಕೂಲಿಯವನು ಆ ಹುಲ್ಲಿನ ಮೇಲೆ ನಡೆದುಹೋದರೂ ಈ ವರ್ಷದ ಸಾಕ್ಷಿ ಅಳಿಸಿಹೋಗುತ್ತದೆ. ಮುಂದಿನ ವರ್ಷದ ಹುಲ್ಲನ್ನು ಮುಟ್ಟಿ ನೋಡಲು ಭಾಗವ್ವ ಇರುತ್ತಾಳೆಂದು ನಾನು ಬರೆದುಕೊಡಲಾರೆ.